ವೀಪ್ಯಾಪ್ ರಿವ್ಯೂ: ದುಡ್ಡಿನ ಪುಟ ಆಮೇಲೆ, ಮೊದಲು ಬೂತಿನ ಪುಟ ನೋಡಿ

ಸೇವೆಯ ಹೆಸರು ವರ್ಜೀನಿಯಾ ಪಬ್ಲಿಕ್ ಆಕ್ಸೆಸ್ ಪ್ರಾಜೆಕ್ಟ್. ಅಮೆರಿಕದ ವರ್ಜೀನಿಯಾ ರಾಜ್ಯದ ಚುನಾವಣೆಗಳ ದೇಣಿಗೆ ಲೆಕ್ಕ, ಫಲಿತಾಂಶ ತೋರಿಸುವ ವೆಬ್‌ಸೈಟ್ ಇದು. ಇಲ್ಲಿ ಎಲ್ಲರೂ ಕರೆಯುವುದು ವೀಪ್ಯಾಪ್ ಅಂತ. ದುಡ್ಡು ಕೊಡಬೇಕಾಗಿಲ್ಲ. ನಾನು ಕೊಡುವ ಅಂಕ ಐದಕ್ಕೆ ನಾಲ್ಕು.

ನಮ್ಮ ಮನೆ ಲೌಡನ್ ಕೌಂಟಿಯ ಆಶ್‌ಬರ್ನ್‌ನಲ್ಲಿ. ನಾನು ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಯಾರಿಂದ ಎಷ್ಟು ಬಂತು, ಯಾವ ತಾರೀಕಿಗೆ ಬಂತು, ಎಲ್ಲಿಗೆ ಹೋಯಿತು ಅನ್ನುವುದನ್ನು ದಿನವಿಡೀ ನೋಡುವ ಕೆಲಸ. ಹಾಗಾಗಿ ವೀಪ್ಯಾಪ್ ನನಗೆ ಹಿಡಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಇದನ್ನು ನನಗೆ ಹೇಳಿಕೊಟ್ಟವರೆಲ್ಲ ಒಂದೇ ಕಾರಣ ಹೇಳಿದ್ದರು: "ಯಾವ ಕಂಪನಿ ಯಾರಿಗೆ ಎಷ್ಟು ದುಡ್ಡು ಕೊಟ್ಟಿದೆ ಅಂತ ಗೊತ್ತಾಗುತ್ತೆ ನೋಡ್ರೀ." ಅದು ನಿಜ. ಆದರೂ ಇದರ ಅಸಲಿ ಉಪಯೋಗ ಬೇರೆ ಕಡೆ ಇದೆ ಅಂತ ನನ್ನ ಅಭಿಪ್ರಾಯ. ಅದಕ್ಕೇ ಈ ರಿವ್ಯೂ.

ಮೊದಲು ಸ್ವಲ್ಪ ಹಿನ್ನೆಲೆ. ನಾವು ಇರುವುದು ಸ್ಟೇಟ್ ಸೆನೆಟ್‌ನ 32ನೇ ಕ್ಷೇತ್ರದಲ್ಲಿ. ಲೌಡನ್ ಕೌಂಟಿಯ ಪೂರ್ವದ ಕಡೆ. ಬೆಂಗಳೂರಿನಿಂದ ಬಂದಿದ್ದ ಮಾವನವರು ಕೇಳಿದ್ದರು, "ಇದು ನಮ್ಮ ವಿಧಾನ ಪರಿಷತ್ತಿನ ಥರಾನಾ?" ಮೇಲ್ಮನೆ ಅನ್ನುವುದೊಂದು ಬಿಟ್ಟರೆ ಹೋಲಿಕೆ ಕಡಿಮೆ. ಅಲ್ಲಿ ಶಾಸಕರು, ಪಂಚಾಯಿತಿ ಸದಸ್ಯರು, ಪದವೀಧರರು, ಶಿಕ್ಷಕರು ಸೇರಿ ಆರಿಸುತ್ತಾರೆ, ಉಳಿದವರ ನೇಮಕ ಆಗುತ್ತದೆ. ಇಲ್ಲಿ 40 ಸೆನೆಟರುಗಳನ್ನೂ ನೇರವಾಗಿ ನಾವೇ ಆರಿಸಬೇಕು. ನಾಲ್ಕು ವರ್ಷಕ್ಕೊಮ್ಮೆ, 40 ಸೀಟೂ ಒಂದೇ ಸಲ, ಅದೂ ಬೆಸ ವರ್ಷದಲ್ಲಿ. 2019, 2023, ಮುಂದೆ 2027. ಅಧ್ಯಕ್ಷರ ಚುನಾವಣೆಯ ಗಲಾಟೆ ಇರುವ ವರ್ಷದಲ್ಲಿ ಇದು ಬರುವುದೇ ಇಲ್ಲ. ಕೆಳಮನೆ ಹೌಸ್ ಆಫ್ ಡೆಲಿಗೇಟ್ಸ್. ಅದರಲ್ಲಿ 100 ಜನ, ಎರಡು ವರ್ಷಕ್ಕೊಮ್ಮೆ ಚುನಾವಣೆ.

2020ರ ಜನಗಣತಿ ಪ್ರಕಾರ ವರ್ಜೀನಿಯಾದ ಜನಸಂಖ್ಯೆ 86 ಲಕ್ಷ ದಾಟಿದೆ. 40ರಿಂದ ಭಾಗಿಸಿ. ಒಬ್ಬ ಸೆನೆಟರಿಗೆ ಸುಮಾರು 2 ಲಕ್ಷ 15 ಸಾವಿರ ಜನ. ವಾಷಿಂಗ್ಟನ್ನಿಗೆ ಹೋಗುವ ನಮ್ಮ ಕಾಂಗ್ರೆಸ್ ಸದಸ್ಯರಿಗಾದರೆ ಹತ್ತಿರ ಹತ್ತಿರ 7 ಲಕ್ಷ 85 ಸಾವಿರ. ಅಂದರೆ ಇಲ್ಲಿ ನಮ್ಮ ಓಟಿನ ತೂಕ ಜಾಸ್ತಿ. ಆದರೂ ನಮ್ಮ ಬೀದಿಯಲ್ಲಿ "ನಿಮ್ಮ ಸ್ಟೇಟ್ ಸೆನೆಟರ್ ಯಾರು?" ಅಂತ ಕೇಳಿ ನೋಡಿ. ಅರ್ಧ ಜನ ಅಮೆರಿಕದ ಸೆನೆಟರ್ ಹೆಸರು ಹೇಳುತ್ತಾರೆ. ಉಳಿದವರು ಮಾತು ಬದಲಾಯಿಸುತ್ತಾರೆ.

ಆ ಸೀಟು ಯಾಕೆ ಮುಖ್ಯ ಅಂದರೆ, ವರ್ಜೀನಿಯಾದಲ್ಲಿ ಕೌಂಟಿಗೆ ಸ್ವಂತ ಅಧಿಕಾರ ಕಡಿಮೆ. ರಾಜ್ಯ ಬಿಟ್ಟುಕೊಟ್ಟಷ್ಟನ್ನೇ ಅದು ಮಾಡಬಹುದು. ಡಿಲ್ಲನ್ ರೂಲ್ ಅಂತಾರೆ ಇದಕ್ಕೆ. ಡೇಟಾ ಸೆಂಟರಿಗೆ ಜಾಗ ಕೊಡುವುದು ಕೌಂಟಿ ಬೋರ್ಡು, ಸರಿ. ಆದರೆ ಅವಕ್ಕೆ ಸೇಲ್ಸ್ ಟ್ಯಾಕ್ಸ್ ವಿನಾಯಿತಿ ಕೊಡುವುದು ರಿಚ್‌ಮಂಡ್, ಅಂದರೆ ರಾಜಧಾನಿಯಲ್ಲಿ ಕೂತ ರಾಜ್ಯ ಸರ್ಕಾರ. ಮನೆ ಹಿಂದೆ ಹೈಟೆನ್ಷನ್ ಲೈನ್ ಎಳೆಯಬೇಕಾ, ಡಲ್ಲೆಸ್ ಗ್ರೀನ್‌ವೇ ರಸ್ತೆಯ ಟೋಲ್ ಏರಬೇಕಾ ಅಂತ ತೀರ್ಮಾನಿಸುವುದು ಸ್ಟೇಟ್ ಕಾರ್ಪೊರೇಷನ್ ಕಮಿಷನ್. ಆ ಕಮಿಷನ್ನಿನ ಮೂವರು ನ್ಯಾಯಾಧೀಶರನ್ನು ಆರಿಸುವವರು ಯಾರು? ಇದೇ ಸೆನೆಟರುಗಳು, ಡೆಲಿಗೇಟುಗಳು. ರಾಜ್ಯದ ಕೋರ್ಟುಗಳ ನ್ಯಾಯಾಧೀಶರನ್ನೂ ಅವರೇ ಆರಿಸುತ್ತಾರೆ. ಇಷ್ಟೆಲ್ಲ ಮಾಡುವ ಸೆನೆಟರಿಗೆ ವರ್ಷಕ್ಕೆ ಸಂಬಳ 18,000 ಡಾಲರ್. ನಮ್ಮ ಕ್ಲಿನಿಕ್ಕಿನ ರಿಸೆಪ್ಷನ್ನಿನ ಹುಡುಗಿಗೂ ಇದಕ್ಕಿಂತ ಜಾಸ್ತಿ ಬರುತ್ತದೆ!

ಈಗ ವೀಪ್ಯಾಪ್‌ಗೆ ಬರೋಣ. ಇದು 1997ರಲ್ಲಿ ಶುರುವಾದ ಸಂಸ್ಥೆ. ಲಾಭಕ್ಕೆ ನಡೆಸುವುದಲ್ಲ, ಯಾವ ಪಕ್ಷಕ್ಕೂ ಸೇರಿದ್ದಲ್ಲ. ಅಭ್ಯರ್ಥಿಗಳು ಸರ್ಕಾರಕ್ಕೆ ಕೊಡುವ ದೇಣಿಗೆ ಲೆಕ್ಕವನ್ನು ತೆಗೆದುಕೊಂಡು, ಸೋಸಿ, ಜೋಡಿಸಿ, ನಮ್ಮಂಥವರು ಓದುವ ಹಾಗೆ ಇಡುತ್ತದೆ. ಅಭ್ಯರ್ಥಿ ಹೆಸರಿನಿಂದ ಹೋಗಿ ಯಾರು ಕೊಟ್ಟರು ಅಂತ ನೋಡಬಹುದು. ಕೊಟ್ಟವರ ಹೆಸರಿನಿಂದ ಹೋಗಿ ಯಾರ ಯಾರಿಗೆ ಕೊಟ್ಟರು ಅಂತಲೂ ನೋಡಬಹುದು. ಒಂದು ಲೆಡ್ಜರನ್ನು ಎರಡೂ ಕಡೆಯಿಂದ ಓದಲು ಬಿಡುವವರು ಅಂದರೆ ನನಗೆ ಗೌರವ.

ವರ್ಜೀನಿಯಾದಲ್ಲಿ ಇಂಥದ್ದೊಂದು ಬೇಕೇ ಬೇಕು. ಯಾಕೆಂದರೆ ರಾಜ್ಯದ ಚುನಾವಣೆಗೆ ಇಷ್ಟೇ ದೇಣಿಗೆ ಕೊಡಬೇಕು ಅನ್ನುವ ಮಿತಿ ಇಲ್ಲಿ ಇಲ್ಲ. ಒಬ್ಬರೇ ಒಂದು ಲಕ್ಷ ಡಾಲರ್ ಚೆಕ್ ಬರೆದರೂ ತಪ್ಪಿಲ್ಲ, ಲೆಕ್ಕ ತೋರಿಸಿದರೆ ಆಯಿತು. 100 ಡಾಲರಿಗಿಂತ ಜಾಸ್ತಿ ಕೊಟ್ಟವರ ಹೆಸರು ಪಟ್ಟಿಯಲ್ಲಿ ಬರುತ್ತದೆ. ಡೊಮಿನಿಯನ್ ಎನರ್ಜಿ ಅನ್ನುವ ವಿದ್ಯುತ್ ಕಂಪನಿ ಎಷ್ಟೋ ವರ್ಷಗಳಿಂದ ಎರಡೂ ಪಕ್ಷಕ್ಕೆ ಕೊಡುತ್ತಾ ಬಂದಿರುವ ದೊಡ್ಡ ಕೈ. ಅದರ ದುಡ್ಡು ಮುಟ್ಟುವುದಿಲ್ಲ ಅನ್ನುವ ಅಭ್ಯರ್ಥಿಗಳಿಗೆ ಕೊಡಲೆಂದೇ ಕ್ಲೀನ್ ವರ್ಜೀನಿಯಾ ಅನ್ನುವ ಗುಂಪು 2018ರಲ್ಲಿ ಹುಟ್ಟಿಕೊಂಡಿತು. ಹಾಗಾಗಿ ಇಲ್ಲಿ ಯಾವ ಅಭ್ಯರ್ಥಿಯ ಪುಟ ತೆರೆದರೂ ನಾನು ಮೊದಲು ಹುಡುಕುವುದು ಈ ಎರಡು ಹೆಸರು. ಒಂದು ಸಿಕ್ಕರೆ ಸಾಮಾನ್ಯವಾಗಿ ಇನ್ನೊಂದು ಇರುವುದಿಲ್ಲ.

ನಮ್ಮ ಯಜಮಾನರ ಕೆಲಸ ಡೇಟಾ ಸೆಂಟರಿನಲ್ಲೇ. ನಾನು ಆ ಪಟ್ಟಿ ಓದುವಾಗ ಅವರು ಟಿವಿ ವಾಲ್ಯೂಮ್ ಜಾಸ್ತಿ ಮಾಡುತ್ತಾರೆ. "ನಮ್ಮ ಸಂಬಳ ಎಲ್ಲಿಂದ ಬರುತ್ತೆ ಅಂತ ನೆನಪಿದೆಯಾ?" ಅಂತಾರೆ. "ಲೈನ್ ಎಲ್ಲಿ ಹಾದು ಹೋಗುತ್ತೆ ಅಂತ ನಿಮಗೆ ನೆನಪಿದೆಯಾ?" ಅಂತೀನಿ. ಅಲ್ಲಿಗೆ ಮುಗಿಯುತ್ತದೆ.

ಆದರೆ ದುಡ್ಡಿನ ಪಟ್ಟಿಗೆ ಒಂದು ಮಿತಿ ಇದೆ. ಅದು ನೋಡಿದ ತಕ್ಷಣ ಸಿಟ್ಟು ಬರುತ್ತದೆ, ಏನು ಮಾಡಬೇಕು ಅಂತ ಮಾತ್ರ ಹೊಳೆಯುವುದಿಲ್ಲ. ಕಂಪನಿ ದುಡ್ಡು ಕೊಟ್ಟ ಮೇಲೆ ಸೆನೆಟರ್ ಅವರ ಪರ ಕೈ ಎತ್ತಿದರಾ, ಅಥವಾ ಮೊದಲೇ ಅವರ ಪರ ಇದ್ದವರಿಗೆ ದುಡ್ಡು ಬಂತಾ? ಲೆಡ್ಜರ್ ಇದನ್ನು ಹೇಳುವುದಿಲ್ಲ. ಲೆಕ್ಕ ಬರೆಯುವವಳಾಗಿ ಇದನ್ನು ನಾನು ಗ್ಯಾರಂಟಿಯಾಗಿ ಹೇಳಬಲ್ಲೆ.

ನನಗೆ ಕೆಲಸಕ್ಕೆ ಬಂದಿದ್ದು ಚುನಾವಣೆಯ ಪುಟಗಳು. ಮುಖ್ಯವಾಗಿ ಪ್ರಿಸಿಂಕ್ಟ್ ನಕ್ಷೆ. ಪ್ರಿಸಿಂಕ್ಟ್ ಅಂದರೆ ನಮ್ಮ ಬೂತಿನ ವ್ಯಾಪ್ತಿ ಅಂದುಕೊಳ್ಳಿ. ನಕ್ಷೆಯಲ್ಲಿ ಅದರ ಮೇಲೆ ಬೆರಳಿಟ್ಟರೆ ಯಾರಿಗೆ ಎಷ್ಟು ಓಟು ಬಿತ್ತು ಅಂತ ಬರುತ್ತದೆ.

ಇದರ ಬೆಲೆ ನನಗೆ ತಿಳಿದಿದ್ದು 2025ರ ಜನವರಿ 7ರ ವಿಶೇಷ ಚುನಾವಣೆಯಲ್ಲಿ. ಕಥೆ ಹೀಗೆ. 2023ರಲ್ಲಿ ಸುಹಾಸ್ ಸುಬ್ರಮಣ್ಯಂ ನಮ್ಮ ಸ್ಟೇಟ್ ಸೆನೆಟರ್ ಆದರು. ಮುಂದಿನ ವರ್ಷವೇ ನವೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದರು. ಸೀಟು ಖಾಲಿಯಾಯಿತು. ಆ ಸೀಟಿಗೆ ಡೆಮಾಕ್ರಟಿಕ್ ಪಕ್ಷದಿಂದ ನಿಂತವರು ಕಣ್ಣನ್ ಶ್ರೀನಿವಾಸನ್. ಅವರು ಆಗ 26ನೇ ಕ್ಷೇತ್ರದ ಡೆಲಿಗೇಟ್. ಹಾಗಾಗಿ ಆ ಸೀಟಿಗೂ ಅದೇ ದಿನ ಚುನಾವಣೆ. ಒಬ್ಬರು ಒಂದು ಮೆಟ್ಟಿಲು ಹತ್ತಿದರೆ ಕೆಳಗಿನ ಎರಡು ಮೆಟ್ಟಿಲೂ ಅಲುಗಾಡುತ್ತವೆ.

ಸೆನೆಟ್‌ನಲ್ಲಿ ಆಗ ಡೆಮಾಕ್ರಟರು 21, ರಿಪಬ್ಲಿಕನ್ನರು 19. ಈ ಒಂದು ಸೀಟು ಹೋದರೆ 20-20. ಸಮ ಬಂದರೆ ಓಟು ಹಾಕುವವರು ಲೆಫ್ಟಿನೆಂಟ್ ಗವರ್ನರ್, ಆಗ ಅವರು ರಿಪಬ್ಲಿಕನ್. ಅಂದರೆ ಇಡೀ ರಾಜ್ಯದ ಮೇಲ್ಮನೆ ಯಾರ ಕೈಯಲ್ಲಿ ಅನ್ನುವುದು ನಮ್ಮ ಕ್ಷೇತ್ರದ ಮೇಲೆ ನಿಂತಿತ್ತು. ಅದೂ ಅಧಿವೇಶನ ಶುರುವಾಗುವ ಹಿಂದಿನ ದಿನ! ಜನವರಿ 6ಕ್ಕೆ ಹಿಮ ಸುರಿದಿತ್ತು. 7ಕ್ಕೆ ಬೆಳಿಗ್ಗೆ ಡ್ರೈವ್‌ವೇ ಗುದ್ದಲಿಯಿಂದ ಕೆರೆದು ಓಟು ಹಾಕಲು ಹೋಗಬೇಕು. ಬೂತು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ. ಎಷ್ಟು ಜನ ಬಂದಾರು ಹೇಳಿ?

ಆ ಹೊತ್ತಿಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಗೊಂದಲವೋ ಗೊಂದಲ. "ನನಗೆ ಎರಡು ಓಟು ಇದೆ, ನಿನಗೆ ಯಾಕೆ ಒಂದೇ?" "ನಮ್ಮದು ಯಾವ ಕ್ಷೇತ್ರ?" ಇದಕ್ಕೆ ಕಾರಣ ಇದೆ. ಸೆನೆಟ್ ಕ್ಷೇತ್ರ, ಡೆಲಿಗೇಟ್ ಕ್ಷೇತ್ರ ಎರಡರ ಗಡಿಯೂ ಒಂದೇ ಅಲ್ಲ. ಒಂದೇ ಸೆನೆಟ್ ಕ್ಷೇತ್ರದಲ್ಲಿದ್ದರೂ ರಸ್ತೆಯ ಆ ಕಡೆಯವರು ಬೇರೆ ಡೆಲಿಗೇಟ್ ಕ್ಷೇತ್ರದವರಾಗಿರಬಹುದು. ಅದರ ಮೇಲೆ, 2021ರ ಕೊನೆಗೆ ಎಲ್ಲ ಗಡಿಗಳೂ ಬದಲಾಗಿದ್ದವು. ಹೊಸದಾಗಿ ಮಾಡಿದ 16 ಜನರ ಗಡಿ ಆಯೋಗದಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ವರ್ಜೀನಿಯಾ ಸುಪ್ರೀಂ ಕೋರ್ಟೇ ಎರಡು ಪಕ್ಷ ಸೂಚಿಸಿದ ಇಬ್ಬರು ತಜ್ಞರಿಂದ ನಕ್ಷೆ ಮಾಡಿಸಿತು. ಗಡಿ ಜೊತೆಗೆ ನಂಬರುಗಳೂ ಬದಲಾದವು. ಒಬ್ಬರು ಯಾವುದೋ ವೋಟರ್ ಆ್ಯಪಿನ ಸ್ಕ್ರೀನ್‌ಶಾಟ್ ಹಾಕಿದರು. ಅದರಲ್ಲಿ ಇನ್ನೂ ಹಳೆಯ 13ನೇ ಕ್ಷೇತ್ರ ಅಂತಲೇ ಇತ್ತು! ಅದನ್ನು ನಂಬಿ ಇಬ್ಬರು "ಹಾಗಾದ್ರೆ ನಮಗೆ ಈ ಸಲ ಚುನಾವಣೆ ಇಲ್ಲ" ಅಂತ ಸುಮ್ಮನಾಗಿದ್ದರು.

ನಾನು ಎಲ್ಲರಿಗೂ ವೀಪ್ಯಾಪ್‌ನಲ್ಲಿ ವಿಳಾಸ ಹಾಕಿ ನೋಡಿ ಅಂದೆ. ಮನೆ ನಂಬರು, ಬೀದಿ ಹೆಸರು ಹಾಕಿದರೆ ಸೆನೆಟರ್ ಯಾರು, ಡೆಲಿಗೇಟ್ ಯಾರು, ಯಾವ ಕ್ಷೇತ್ರ ಎಲ್ಲ ಬರುತ್ತದೆ. ಸೌತ್ ರೈಡಿಂಗ್ ಕಡೆಯ ಒಬ್ಬರು ಅಕ್ಕ ಇದ್ದಾರೆ, ಕಂಪ್ಯೂಟರ್ ಅಂದರೆ ದೂರ. ಅವರೂ ಫೋನಿನಲ್ಲೇ ನೋಡಿಕೊಂಡರು. ಒಂದು ಸೇವೆ ಚೆನ್ನಾಗಿದೆ ಅಂತ ಹೇಳಲು ನನಗೆ ಇಷ್ಟು ಸಾಕು. (ಓಟಿಗೆ ಹೋಗುವ ಮುಂಚೆ ಮಾತ್ರ ರಾಜ್ಯ ಚುನಾವಣಾ ಇಲಾಖೆಯ ಸಿಟಿಜನ್ ಪೋರ್ಟಲ್‌ನಲ್ಲಿ ಬೂತು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಆ ಮಾಹಿತಿಗೆ ಮೂಲ ಅದೇ.)

ಫಲಿತಾಂಶ ಬಂತು. ಶ್ರೀನಿವಾಸನ್ ಶೇಕಡಾ 60ಕ್ಕಿಂತ ಜಾಸ್ತಿ ಓಟು ಪಡೆದು ರಿಪಬ್ಲಿಕನ್ ಟುಮೇ ಹಾರ್ಡಿಂಗ್ ಅವರನ್ನು ಸೋಲಿಸಿದರು. 26ನೇ ಡೆಲಿಗೇಟ್ ಕ್ಷೇತ್ರದಲ್ಲಿ ಡೆಮಾಕ್ರಟ್ ಜೆಜೆ ಸಿಂಗ್, ರಿಪಬ್ಲಿಕನ್ ರಾಮ್ ವೆಂಕಟಾಚಲಂ. ಗೆದ್ದವರು ಸಿಂಗ್. ಎರಡೂ ಪಕ್ಷದಿಂದ ನಮ್ಮವರೇ ಅಂತ ವಾಟ್ಸಾಪ್‌ನಲ್ಲಿ ಒಂದು ದಿನ ಹಬ್ಬ. ಇನ್ನು ರಿಚ್‌ಮಂಡ್ ಕಥೆ ಕೇಳಿ. ಅದೇ ಹಿಮಗಾಳಿಗೆ ಅಲ್ಲಿನ ನೀರು ಶುದ್ಧೀಕರಣ ಘಟಕಕ್ಕೆ ಕರೆಂಟ್ ಹೋಗಿ, ಊರಿಗೇ ನೀರಿಲ್ಲ. 8ಕ್ಕೆ ಸೇರಿದ ಶಾಸನಸಭೆ ಕೆಲಸವನ್ನು ಮುಂದಿನ ವಾರಕ್ಕೆ ತಳ್ಳಿತು. 1619ರಿಂದ ನಡೆದು ಬಂದ ಸಭೆ, ನಲ್ಲಿಯಲ್ಲಿ ನೀರು ಬರದೆ ರಜೆ ಮಾಡಿತು.

ಎಲ್ಲರೂ ಗೆದ್ದವರ ಫೋಟೋ ನೋಡುತ್ತಿದ್ದಾಗ ನಾನು ಪ್ರಿಸಿಂಕ್ಟ್ ನಕ್ಷೆ ನೋಡುತ್ತಾ ಕುಳಿತೆ. ನೋಡಿ, ಜನವರಿಯ ವಿಶೇಷ ಚುನಾವಣೆಗೆ ಬರುವವರು ನವೆಂಬರಿಗೆ ಬಂದವರಲ್ಲಿ ಒಂದು ಪಾಲು ಮಾತ್ರ. ಯಾವ ಬೂತಿನವರು ಬಂದರು, ಯಾವ ಬೂತಿನವರು ಮನೆಯಲ್ಲಿ ಬೆಚ್ಚಗೆ ಕೂತರು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ನಡೆಯುವವರಲ್ಲಿ ಮುಕ್ಕಾಲು ಪಾಲು ಭಾರತದವರು. ಟೌನ್‌ಹೌಸ್ ಬೆಲೆ, ಶಾಲೆ ಗಡಿ, ಪವರ್ ಲೈನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನಕ್ಷೆಯಲ್ಲಿ ನಮ್ಮ ಬೂತಿನ ಓಟುಗಳ ಸಂಖ್ಯೆ ನೋಡಿದರೆ ಆ ಮಾತಿಗೂ ಓಟಿಗೂ ಸಂಬಂಧವೇ ಇಲ್ಲ. ಹೌದು, ಎಷ್ಟೋ ಜನರಿಗೆ ಪೌರತ್ವ ಇಲ್ಲ, ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿದ್ದಾರೆ. ಕ್ಷೇತ್ರ ಮಾಡುವಾಗ ಅವರನ್ನೂ ಎಣಿಸುತ್ತಾರೆ, ಯಾಕೆಂದರೆ ಅಲ್ಲಿ ಲೆಕ್ಕ ಜನಸಂಖ್ಯೆಯದು. ಓಟು ಮಾತ್ರ ಇಲ್ಲ. ಹಾಗಾಗಿ ಓಟು ಇರುವ ನಮ್ಮಂಥ ಕೆಲವರು ಸುಮ್ನೆ ಮನೆಯಲ್ಲಿ ಕೂತರೆ ಇಡೀ ಬಡಾವಣೆಯ ದನಿ ಹೋಗುತ್ತದೆ. ಅಭ್ಯರ್ಥಿಗಳ ಕಡೆಯವರೂ ಇದೇ ನಕ್ಷೆ ನೋಡುತ್ತಾರೆ ಅನ್ನುವುದನ್ನು ಮರೆಯಬೇಡಿ. ಯಾವ ಬಾಗಿಲು ತಟ್ಟಬೇಕು, ಯಾವುದನ್ನು ಬಿಡಬಹುದು ಅಂತ ಅವರು ತೀರ್ಮಾನಿಸುವುದು ಇಂಥ ಸಂಖ್ಯೆಯಿಂದಲೇ.

ದೇಣಿಗೆ ಪಟ್ಟಿ ಬೇರೆಯವರ ಬಗ್ಗೆ ಹೇಳಿದರೆ ಪ್ರಿಸಿಂಕ್ಟ್ ನಕ್ಷೆ ನಮ್ಮ ಬಗ್ಗೆ ಹೇಳುತ್ತದೆ. ಅದಕ್ಕೇ ನನಗೆ ಇದು ಮೊದಲು.

ನಕ್ಷೆ ಓದುವಾಗ ಒಂದು ಎಚ್ಚರಿಕೆ. ಹಳೆಯ ಚುನಾವಣೆಗಳ, ಅಂದರೆ 2020, 2021ರ ಬೂತುವಾರು ಅಂಕಿಗಳನ್ನು ಈಗಿನವುಗಳ ಜೊತೆ ನೇರ ಹೋಲಿಸಬೇಡಿ. ಆಗ ಮುಂಚಿತವಾಗಿ ಹಾಕಿದ ಓಟು, ಅಂಚೆ ಓಟುಗಳನ್ನೆಲ್ಲ ಒಂದೇ ರಾಶಿ ಮಾಡಿ ಬೇರೆ ಲೆಕ್ಕದಲ್ಲಿ ತೋರಿಸುತ್ತಿದ್ದರು. ಕೋವಿಡ್ ಕಾಲದಲ್ಲಿ ಹಾಗೆ ಓಟು ಹಾಕಿದವರೇ ಜಾಸ್ತಿ ಅಲ್ವಾ? ಹಾಗಾಗಿ ನಕ್ಷೆಯ ಬಣ್ಣ ಪೂರ್ತಿ ದಾರಿ ತಪ್ಪಿಸುತ್ತದೆ. 2022ರಲ್ಲಿ ಬಂದ ಕಾನೂನಿನಿಂದ ಆ ಓಟುಗಳನ್ನೂ ಅವರವರ ಬೂತಿಗೆ ಸೇರಿಸಿ ತೋರಿಸಬೇಕಾಯಿತು. ಈಗಿನ ನಕ್ಷೆ ನಂಬಬಹುದು.

ದಿನಾ ಬೆಳಿಗ್ಗೆ ಇ-ಮೇಲಿನಲ್ಲಿ ವಿಎ ನ್ಯೂಸ್ ಅಂತ ಕಳಿಸುತ್ತಾರೆ. ರಾಜ್ಯದ ಪತ್ರಿಕೆಗಳ ರಾಜಕೀಯ ಸುದ್ದಿಯನ್ನು ಒಂದು ಕಡೆ ಜೋಡಿಸಿರುತ್ತಾರೆ. ಚೆನ್ನಾಗಿದೆ. ಕಾಫಿ ಮುಗಿಯುವಷ್ಟರಲ್ಲಿ ತಲೆಬರಹ ಓದಬಹುದು. ಕೆಲವು ಪತ್ರಿಕೆಗಳಿಗೆ ಚಂದಾ ಬೇಕು, ಅದು ವೀಪ್ಯಾಪ್ ಕೈಯಲ್ಲಿ ಇಲ್ಲ.

ಇನ್ನು ಒಂದು ಅಂಕ ಯಾಕೆ ಕಡಿಮೆ? ಸೆನೆಟರ್ ಗೆದ್ದ ಮೇಲೆ ಮಸೂದೆಗಳ ಮೇಲೆ ಏನು ಮಾಡಿದರು ಅನ್ನುವುದಕ್ಕೆ ನಾನು ಬೇರೆ ಕಡೆ ಹೋಗಬೇಕು. ಶಾಸನಸಭೆಯದೇ ಲೆಜಿಸ್ಲೇಟಿವ್ ಇನ್ಫರ್ಮೇಷನ್ ಸಿಸ್ಟಮ್ ಇದೆ, ಎಲ್‌ಐಎಸ್ ಅಂತಾರೆ. ಮಸೂದೆಯ ಪೇಟ್ರನ್ (ಅಂದರೆ ಅದನ್ನು ಮಂಡಿಸಿದವರು) ಯಾರು, ಯಾವ ಕಮಿಟಿಯಲ್ಲಿದೆ, ಯಾರು ಹೌದು ಅಂದರು, ಯಾರು ಇಲ್ಲ ಅಂದರು, ಎಲ್ಲ ಅಲ್ಲಿ ಸಿಗುತ್ತದೆ. ಅದು ವಕೀಲರಿಗೆ ಮಾಡಿದ ಜಾಗ. 'ಲೆಫ್ಟ್ ಇನ್ ಕಮಿಟಿ' ಅಂತ ಬಂದರೆ ಮಸೂದೆ ಸತ್ತಿದೆ ಅಂತ ತಿಳಿಯಬೇಕು. 'ಪಾಸ್ಡ್ ಬೈ ಇಂಡೆಫಿನಿಟ್ಲಿ' ಅಂತ ಬಂದರೆ ಪಾಸಾಯಿತು ಅಂತ ಖುಷಿ ಪಡಬೇಡಿ, ಅದೂ ಸತ್ತಿದೆ! ವೀಪ್ಯಾಪ್‌ನವರು ದೇಣಿಗೆಯನ್ನು ಇಷ್ಟು ಸರಳ ಮಾಡಿ ಕೊಡಬಲ್ಲವರು, ಅದೇ ಪುಟದಲ್ಲಿ ಸೆನೆಟರ್ ಹಾಕಿದ ಓಟುಗಳನ್ನೂ ಬಿಡಿಸಿ ಇಟ್ಟರೆ ನಾನು ಐದಕ್ಕೆ ಐದು ಕೊಡುತ್ತೇನೆ. ಅದು ಅವರ ಕೆಲಸ ಅಲ್ಲ ಅಂತ ಯಜಮಾನರು ವಾದ ಮಾಡುತ್ತಾರೆ. ಇರಬಹುದು. ರಿವ್ಯೂ ನನ್ನದು.

ಯಾರಿಗೆ ಇದು ಬೇಡ? ಯಾರಿಗೆ ಓಟು ಹಾಕಬೇಕು ಅಂತ ಹೇಳಲಿ ಅನ್ನುವವರಿಗೆ. ವೀಪ್ಯಾಪ್ ಅದನ್ನು ಹೇಳುವುದಿಲ್ಲ. ಅಭ್ಯರ್ಥಿಗಳ ಭರವಸೆಗಳನ್ನು ಅಕ್ಕಪಕ್ಕ ಇಟ್ಟು ತೂಗುವುದೂ ಇಲ್ಲ. ಅದಕ್ಕೆ ಅಭ್ಯರ್ಥಿಗಳನ್ನೇ ಕೇಳಬೇಕು. 2 ಲಕ್ಷ ಚಿಲ್ಲರೆ ಜನರ ಕ್ಷೇತ್ರದಲ್ಲಿ ಅವರು ಸಿಗುವುದು ಕಷ್ಟ ಇಲ್ಲ. ದೇವಸ್ಥಾನದಲ್ಲಿ, ದೀಪಾವಳಿ ಕಾರ್ಯಕ್ರಮದಲ್ಲಿ ಕೈ ಮುಗಿದು ನಿಂತಿರುತ್ತಾರೆ. ಫೋಟೋ ತೆಗೆಸಿಕೊಳ್ಳುವ ಬದಲು ಗ್ರೀನ್‌ವೇ ಟೋಲ್ ಬಗ್ಗೆ ಕೇಳಿ, ಮುಖ ನೋಡಿ.

ಸೆನೆಟ್‌ನ 40 ಸೀಟಿಗೂ ಮುಂದಿನ ಚುನಾವಣೆ 2027ರ ನವೆಂಬರಿನಲ್ಲಿ. ನಮ್ಮಂಥ ಒಂದೇ ಪಕ್ಷದ ಕಡೆ ವಾಲಿದ ಕ್ಷೇತ್ರದಲ್ಲಿ ನಿಜವಾದ ಪೈಪೋಟಿ ಜೂನ್ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆಯಲ್ಲೇ, ಮುಗಿದಿರುತ್ತದೆ. 2023ರಲ್ಲೂ ಸುಬ್ರಮಣ್ಯಂ ಎದುರು ಇಬ್ರಾಹೀಂ ಸಮೀರಾ ಪ್ರೈಮರಿಯಲ್ಲಿ ನಿಂತಿದ್ದರು, ನಮ್ಮ ಗುಂಪಿನಲ್ಲಿ ಆ ಸುದ್ದಿಯೇ ಬರಲಿಲ್ಲ. ವರ್ಜೀನಿಯಾದಲ್ಲಿ ಪಕ್ಷದ ಹೆಸರಿನಲ್ಲಿ ನೋಂದಣಿ ಇಲ್ಲ. ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಬಹುದು, ಎರಡರಲ್ಲೂ ಅಲ್ಲ. 45 ದಿನ ಮುಂಚೆಯೇ ಓಟು ಶುರುವಾಗುತ್ತದೆ, ಕಾರಣ ಕೊಡಬೇಕಾಗಿಲ್ಲ. ಆದ್ದರಿಂದ ವೀಪ್ಯಾಪ್ ಪುಟವನ್ನು ಏಪ್ರಿಲ್‌ನಲ್ಲೇ ತೆರೆಯಿರಿ. ಮೊದಲು ನಿಮ್ಮ ವಿಳಾಸ ಹಾಕಿ, ಆಮೇಲೆ 2023ರ ನಿಮ್ಮ ಬೂತಿನ ಸಂಖ್ಯೆ ನೋಡಿ. ದೇಣಿಗೆ ಪಟ್ಟಿ ಅದಾದ ಮೇಲೆ.